ಸವಾರನ ಬೆನ್ನಿಗೊಂದು ಒರಗು

ಮೈಸೂರಿನ ಗೃಹಸ್ಥರೊಬ್ಬರು ನಿವೃತ್ತಿಯ ಹಣದಲ್ಲಿ ಒಂದಂಶವನ್ನು ತೆಗೆದು, ಕ್ರೂಸರ್ ಮಾದರಿಯ ಹೊಸ ಮೋಟಾರ್ ಸೈಕಲ್ಲೊಂದನ್ನು ಕೊಂಡರು. ಅರವತ್ತರ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮಗ ಆಕ್ಷೇಪಿಸಿದ. ಆದರೆ ಆ ಖರೀದಿಯ ಹಿಂದೆ ಒಂದು ಹಳೆಯ ನೆನಪಿತ್ತು. 1993ರಲ್ಲಿ, ಮದುವೆಯಾದ ಹೊಸತರಲ್ಲಿ, ದಂಪತಿಗಳು ತಮ್ಮ ಊರಿನಲ್ಲಿಯೇ ತಯಾರಾಗುತ್ತಿದ್ದ ಯೆಜ್ಡಿಯನ್ನೇರಿ, ಹುಣಸೂರು, ಕುಶಾಲನಗರ, ಮಡಿಕೇರಿಗಳನ್ನು ದಾಟಿ, ಸಂಪಾಜೆ ಘಟ್ಟವನ್ನಿಳಿದು, ಪುತ್ತೂರಿನಲ್ಲಿದ್ದ ಶ್ರೀಮತಿಯವರ ತವರನ್ನು ತಲುಪಿದ್ದರು. ಸುಮಾರು 200 ಕಿಲೋಮೀಟರಿನ ಆ ದಾರಿಯನ್ನು ಇನ್ನೊಮ್ಮೆ ಹಾಗೆಯೇ ಕ್ರಮಿಸಬೇಕೆಂಬ ಆಸೆ ಇಬ್ಬರಲ್ಲಿಯೂ ಮೂವತ್ತು ವರ್ಷಗಳಿಂದ ಉಳಿದುಕೊಂಡಿತ್ತು.

ಮೊದಲ ಪ್ರಯತ್ನ ಕುಶಾಲನಗರದಲ್ಲಿಯೇ ಮುಗಿಯಿತು. ಅಲ್ಲಿ ಕಾಫಿಗೆಂದು ವಾಹನ ನಿಲ್ಲಿಸಿದಾಗ ಯಜಮಾನರಿಗೆ ಸೊಂಟವನ್ನು ನೆಟ್ಟಗೆ ಮಾಡುವುದೇ ಆಗಲಿಲ್ಲ. ಸೀಟನ್ನು ಹಿಡಿದುಕೊಂಡು ಬಾಗಿ ನಿಂತಿದ್ದ ಅವರನ್ನು ಕಂಡು ಶ್ರೀಮತಿಯವರು, "ಹೋಗಲಿ ಬಿಡಿ, ಮನೆಗೆ ತಿರುಗಿಸಿ" ಎಂದರು. ವಾಹನವನ್ನು ಮಾರಿಬಿಡುವುದೇ ಲೇಸೆಂದು ಮಗ ಮತ್ತೆ ಹೇಳಿದ. ಯಜಮಾನರು ಒಪ್ಪಲಿಲ್ಲ. ಅಂತರಜಾಲದ ಅಂಗಡಿಯಲ್ಲಿ ಚಿತ್ರ ನೋಡಿ, ಸವಾರನ ಬೆನ್ನಿಗೆಂದೇ ಮಾಡಿದ, ಬ್ಯಾಕ್‌ರೆಸ್ಟ್ ಎಂದು ಕರೆಯುವ ಒರಗೊಂದನ್ನು ತರಿಸಿದರು. ಅದು ಭುಜದೆತ್ತರದ ದಪ್ಪ ದಿಂಬು. ಅದನ್ನು ಕೂರಿಸಿಕೊಂಡು ಎರಡನೆಯ ಬಾರಿ ಹೊರಟಾಗ ಹುಣಸೂರಿನವರೆಗೆ ಮಾತನಾಡದೆ ಕುಳಿತಿದ್ದ ಶ್ರೀಮತಿಯವರು ಅಲ್ಲಿ ಇಳಿದು ಹೇಳಿದರು: "ನಿಮ್ಮ ಬೆನ್ನಿಗೇನೋ ಗೋಡೆ ಬಂತು. ನನ್ನ ಬೆನ್ನಿಗೆ ಬಯಲೇ ಗತಿ, ನೋಡಿ."

ಯಜಮಾನರು ಆಗ ಹಿಂದಿರುಗಿ ನೋಡಿದರು. ಒರಗು ಸೀಟಿನ ನಡುಭಾಗವನ್ನೇ ಆಕ್ರಮಿಸಿತ್ತು. ಹಿಂದೆ ಕೂರುವವರಿಗೆ ಉಳಿದಿದ್ದುದು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಜಾಗ. ಹಿಡಿದುಕೊಳ್ಳಲು ಪತಿಯ ಭುಜವೂ ಸಿಕ್ಕುತ್ತಿರಲಿಲ್ಲ, ಸೀಟಿನ ಪಟ್ಟಿಯೂ ಸಿಕ್ಕುತ್ತಿರಲಿಲ್ಲ.

ಈ ದಂಪತಿಗಳ ಅನುಭವ ಅಪರೂಪದ್ದಲ್ಲ. ದೂರ ಪ್ರಯಾಣ ಮಾಡುವ ಸವಾರನಿಗೆ ಒಳ್ಳೆಯ ಒರಗು ನಿಜವಾಗಿಯೂ ಉಪಕಾರಿ. ಆದರೆ ಅದನ್ನು ಆರಿಸುವ ಮೊದಲು ನೋವು ಎಲ್ಲಿಂದ ಬರುತ್ತಿದೆ ಎಂಬುದನ್ನೂ, ಹಿಂದೆ ಯಾರು ಕೂರುತ್ತಾರೆ ಎಂಬುದನ್ನೂ ವಿಚಾರಿಸದಿದ್ದರೆ ಹಣವೂ ವ್ಯರ್ಥ, ಪ್ರವಾಸವೂ ವ್ಯರ್ಥ.

ಬೆನ್ನು ಏಕೆ ನೋಯುತ್ತದೆ?

ನಿಂತಿರುವ ಮನುಷ್ಯನ ಸೊಂಟದ ಹಿಂಭಾಗ ಒಳಕ್ಕೆ ಸ್ವಲ್ಪ ಬಾಗಿರುತ್ತದೆ. ಕುಳಿತೊಡನೆ ಈ ಬಾಗು ಕಡಿಮೆಯಾಗುತ್ತದೆ. 1953ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೆ. ಜೆ. ಕೀಗನ್ ಅವರು ಬೇರೆ ಬೇರೆ ಭಂಗಿಗಳಲ್ಲಿ ಎಕ್ಸ್-ರೇ ಚಿತ್ರಗಳನ್ನು ತೆಗೆದು ಇದನ್ನು ತೋರಿಸಿಕೊಟ್ಟರು. ತೊಡೆಯು ಮೇಲಕ್ಕೆ ಮಡಿಚಿದಷ್ಟೂ ತೊಡೆಯ ಹಿಂಭಾಗದ ಸ್ನಾಯುಗಳು ಕಟಿಯ ಮೂಳೆಯನ್ನು ಹಿಂದಕ್ಕೆ ಎಳೆಯುತ್ತವೆ. ಆಗ ಸೊಂಟದ ಸಹಜವಾದ ಬಾಗು ಚಪ್ಪಟೆಯಾಗಿ, ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಗಳ ಮೇಲಿನ ಭಾರದ ಹಂಚಿಕೆ ಬದಲಾಗುತ್ತದೆ.

ಕಾಲನ್ನು ಮುಂದಕ್ಕೆ ಚಾಚಿ ಕೂರುವ ಕ್ರೂಸರ್ ವಾಹನಗಳಲ್ಲಿ ಈ ತೊಂದರೆ ಇನ್ನಷ್ಟು. ಸಾಧಾರಣ ಮೋಟಾರ್ ಸೈಕಲ್ಲಿನಲ್ಲಿ ಪಾದಗಳು ದೇಹದ ಕೆಳಗೇ ಇರುವುದರಿಂದ, ಹಳ್ಳ ಬಂದಾಗ ಸವಾರನು ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಏಳಬಲ್ಲ. ಕ್ರೂಸರಿನಲ್ಲಿ ಪಾದಗಳು ಮುಂದಿರುವುದರಿಂದ ಹಾಗೆ ಏಳುವುದು ಕಷ್ಟ. ದೇಹದ ಭಾರವೆಲ್ಲ ಪೃಷ್ಠದ ಮೇಲೂ ಸೊಂಟದ ಮೇಲೂ ಬೀಳುತ್ತದೆ. ಎದುರುಗಾಳಿ ಎದೆಯನ್ನು ಹಿಂದಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಸವಾರನು ತೋಳುಗಳಿಂದ ಹ್ಯಾಂಡಲನ್ನು ಎಳೆದುಕೊಂಡಿರಬೇಕಾಗುತ್ತದೆ. ಒಂದೆರಡು ಗಂಟೆ ಹೀಗೆ ದುಡಿದ ಸ್ನಾಯುಗಳು ದಣಿದು ಬೆನ್ನು ಕುಸಿಯುತ್ತದೆ, ನೋವು ಆರಂಭವಾಗುತ್ತದೆ.

ಒರಗಿನಿಂದ ಪ್ರಯೋಜನವುಂಟೇ ಎಂಬ ಪ್ರಶ್ನೆಗೆ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಸಂಶೋಧಕರು 1974ರ ಸುಮಾರಿಗೆ ನಡೆಸಿದ ಪ್ರಯೋಗಗಳಲ್ಲಿ ಉತ್ತರವುಂಟು. ಆಂಡರ್ಸನ್ ಮತ್ತು ಅವರ ಸಹೋದ್ಯೋಗಿಗಳು ಕುಳಿತ ಮನುಷ್ಯರ ಬೆನ್ನೆಲುಬಿನ ಮೆತ್ತೆಯೊಳಗಿನ ಒತ್ತಡವನ್ನು ಸೂಜಿಯ ಮೂಲಕ ಅಳೆದರು. ಒರಗನ್ನು ನೇರ ನಿಲುವಿನಿಂದ ಹಿಂದಕ್ಕೆ ಓರೆಮಾಡಿದಾಗ ಒತ್ತಡ ಇಳಿಯಿತು. ಸೊಂಟದ ಬಾಗಿಗೆ ಆಸರೆ ಕೊಟ್ಟಾಗ ಇನ್ನೂ ಇಳಿಯಿತು. ಈ ಪ್ರಯೋಗಗಳು ನಡೆದದ್ದು ಕುರ್ಚಿಯ ಮೇಲೆ, ಅಲುಗಾಡುವ ವಾಹನದ ಮೇಲೆ ಅಲ್ಲ ಎಂಬುದನ್ನು ಮರೆಯಬಾರದು. ಆದರೂ ಅವುಗಳಿಂದ ಸವಾರನು ಕಲಿಯಬೇಕಾದದ್ದೊಂದಿದೆ. ಆಸರೆ ಬೇಕಾದದ್ದು ಸೊಂಟಕ್ಕೆ, ಭುಜಕ್ಕಲ್ಲ.

ಕೊಳ್ಳುವ ಮುನ್ನ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಹ್ಯಾಂಡಲ್ ದೂರವಾಗಿದ್ದರೆ ಸವಾರನು ಮುಂದಕ್ಕೆ ಬಾಗುತ್ತಾನೆ. ಆಗ ಹಿಂದೆ ಎಂಥ ಒರಗನ್ನಿಟ್ಟರೂ ಬೆನ್ನು ಅದನ್ನು ಮುಟ್ಟುವುದಿಲ್ಲ. ಮೊದಲು ನೋಡಬೇಕಾದದ್ದು ಮೊಣಕೈ ತುಸು ಮಡಿಚಿರುವಂತೆ ಹ್ಯಾಂಡಲ್ ಕೈಗೆಟಕುತ್ತದೆಯೇ ಎಂಬುದನ್ನು. ಹ್ಯಾಂಡಲನ್ನು ಅದರ ಹಿಡಿಕೆಯಲ್ಲಿಯೇ ಸ್ವಲ್ಪ ತಿರುಗಿಸಿಕೊಂಡರೆ ಅನೇಕರಿಗೆ ಅರ್ಧ ತೊಂದರೆ ಕಳೆಯುತ್ತದೆ. ಹಿಂದಿನ ಸಸ್ಪೆನ್ಷನ್ ಸ್ಪ್ರಿಂಗನ್ನು ಇಬ್ಬರ ಭಾರಕ್ಕೆ ತಕ್ಕಂತೆ ಬಿಗಿಮಾಡಿದೆಯೇ, ಟೈರಿನ ಗಾಳಿ ತಯಾರಕರು ಹೇಳಿದಷ್ಟೇ ಇದೆಯೇ, ಸೀಟಿನ ಫೋಮ್ ಕುಸಿದು ಗುಳಿಬಿದ್ದಿದೆಯೇ ಎಂಬುದನ್ನೂ ನೋಡತಕ್ಕದ್ದು.

ಪ್ಯಾಂಟಿನ ಹಿಂದಿನ ಜೇಬಿನಲ್ಲಿ ದಪ್ಪನೆಯ ಪಾಕೀಟನ್ನು ಇಟ್ಟುಕೊಂಡು ಕೂರುವ ಅಭ್ಯಾಸ ಹಲವರಿಗುಂಟು. ಅದರಿಂದ ಕಟಿ ಒಂದು ಬದಿಗೆ ಓರೆಯಾಗುತ್ತದೆ. ಬೆನ್ನಿಗೆ ಭಾರದ ಚೀಲವನ್ನು ಕಟ್ಟಿಕೊಳ್ಳುವುದೂ ತಪ್ಪು. ಆ ಭಾರವನ್ನು ವಾಹನಕ್ಕೆ ವಹಿಸುವುದು ಲೇಸು.

ನೋವು ಸೊಂಟದಿಂದ ಕಾಲಿಗೆ ಹರಿಯುತ್ತಿದ್ದರೆ, ಕಾಲಿನಲ್ಲಿ ಜೋಮು ಅಥವಾ ನಿಶ್ಶಕ್ತಿ ಕಾಣುತ್ತಿದ್ದರೆ ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗಬೇಕು. ಇವುಗಳೊಡನೆ ಮಲಮೂತ್ರಗಳ ಹತೋಟಿ ತಪ್ಪಿದರೆ ಒಂದು ದಿನವನ್ನೂ ಕಳೆಯಬಾರದು. ಮೈಸೂರಿನ ಯಜಮಾನರು ಈ ಕೆಲಸವನ್ನು ಮೊದಲೇ ಮಾಡಿದ್ದರು. ಅವರದು ಸ್ನಾಯುಗಳ ದಣಿವು ಮಾತ್ರವೆಂದೂ, ದಿನಕ್ಕೆ ಅರ್ಧ ಗಂಟೆ ನಡೆದು ಬೆನ್ನಿನ ವ್ಯಾಯಾಮ ಮಾಡಬೇಕೆಂದೂ ವೈದ್ಯರು ತಿಳಿಸಿದ್ದರು.

ಯಾವ ವಾಹನಕ್ಕೆ ಒಪ್ಪುತ್ತದೆ?

ಎಲ್ಲ ವಾಹನಗಳಿಗೂ ಒರಗು ಸಲ್ಲದು. ರಾಯಲ್ ಎನ್‌ಫೀಲ್ಡ್ ಮೀಟಿಯರ್, ಬಜಾಜ್ ಅವೆಂಜರ್ ಮುಂತಾದ ಕ್ರೂಸರ್ ಮಾದರಿಗಳಲ್ಲಿ ಸೀಟು ತಗ್ಗು, ಪಾದ ಮುಂದೆ. ಇಂಥವುಗಳಿಗೆ ಒರಗು ಅತ್ಯಂತ ಉಪಯುಕ್ತ. ನೆಟ್ಟಗೆ ಕೂರುವ ಸಾಧಾರಣ ವಾಹನಗಳಲ್ಲಿ ಪ್ರಯೋಜನ ಮಿತವಾದದ್ದು. ಮುಂದಕ್ಕೆ ಬಾಗಿ ಓಡಿಸುವ ಸ್ಪೋರ್ಟ್ಸ್ ವಾಹನಗಳಲ್ಲಿ ಅದು ನಿರುಪಯೋಗಿ. ಕಚ್ಚಾ ರಸ್ತೆಯಲ್ಲಿ ನಿಂತು ಓಡಿಸಬೇಕಾದ ಎತ್ತರದ ವಾಹನಗಳಲ್ಲಂತೂ ಕಾಲನ್ನೂ ದೇಹವನ್ನೂ ಹಿಂದಕ್ಕೆ ಸರಿಸಲು ಒರಗೇ ಅಡ್ಡಿಯಾದೀತು.

ಮೂರು ಅಳತೆಗಳು

ಹುಣಸೂರಿನಿಂದ ಹಿಂದಿರುಗಿದ ಮೇಲೆ ಶ್ರೀಮತಿಯವರೇ ಹೊಲಿಗೆಯ ಟೇಪನ್ನು ತಂದು ಅಳತೆಗೆ ನಿಂತರು. ಯಜಮಾನರು ಪ್ರಯಾಣದ ಜಾಕೆಟ್ಟು, ಹೆಲ್ಮೆಟ್ಟುಗಳನ್ನು ಧರಿಸಿ, ಮುಖ್ಯ ಸ್ಟ್ಯಾಂಡಿನ ಮೇಲಿದ್ದ ವಾಹನದಲ್ಲಿ ಕುಳಿತು, ಹ್ಯಾಂಡಲನ್ನು ಹಿಡಿದರು. ಮನೆಯ ಉಡುಪಿನಲ್ಲಿ ತೆಗೆದ ಅಳತೆ ರಸ್ತೆಯಲ್ಲಿ ಸುಳ್ಳಾಗುತ್ತದೆ. ದಪ್ಪ ಜಾಕೆಟ್ಟೊಂದೇ ಸವಾರನನ್ನು ಬೆರಳಗಲ ಮುಂದಕ್ಕೆ ತಳ್ಳಬಲ್ಲದು.

ಮೊದಲನೆಯದು ಎತ್ತರ. ಸೀಟಿನ ಮೇಲಿಂದ ಸೊಂಟದ ಒಳಬಾಗಿನವರೆಗೆ ಅಳೆಯಬೇಕು. ಕುರ್ಚಿಗಳ ವಿಷಯದಲ್ಲಿ ಸೊಂಟದ ಆಸರೆ ಸಾಮಾನ್ಯವಾಗಿ ಸೀಟಿನಿಂದ 15ರಿಂದ 25 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಸವಾರನಿಗೂ ಇದು ಒಳ್ಳೆಯ ಅಂದಾಜು. ಒರಗಿನ ಉಬ್ಬು ಬೆಲ್ಟಿನ ಸಾಲಿನಲ್ಲಿಯೂ ಅದಕ್ಕಿಂತ ತುಸು ಮೇಲೆಯೂ ತಾಗಬೇಕು. ಭುಜದೆತ್ತರಕ್ಕೆ ಬೆಳೆದ ಒರಗು ನೋಡಲು ಭರ್ಜರಿಯಾಗಿರುತ್ತದೆ. ಆದರೆ ಅದು ಬೆನ್ನಿನ ಮೇಲ್ಭಾಗವನ್ನು ಮುಂದಕ್ಕೆ ನೂಕುತ್ತದೆ. ತಿರುವಿನಲ್ಲಿ ಹಿಂದಿನ ವಾಹನಗಳನ್ನು ಕಾಣಲು ಭುಜ ತಿರುಗಿಸುವಾಗ ಅಡ್ಡಬರುತ್ತದೆ.

ಎರಡನೆಯದು ದೂರ. ಒರಗಿಗೆ ಬೆನ್ನು ತಾಗಿರುವಾಗಲೂ ಮೊಣಕೈ ಮಡಿಚಿಯೇ ಇರಬೇಕು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಲು ಬರಬೇಕು, ಬ್ರೇಕು ಗೇರುಗಳಿಗೆ ಪಾದ ಸರಾಗವಾಗಿ ಸಿಕ್ಕಬೇಕು. ಒರಗು ಅತಿಯಾಗಿ ಮುಂದಿದ್ದರೆ ಸವಾರ ಟ್ಯಾಂಕಿಗೆ ಒತ್ತಿಕೊಳ್ಳುತ್ತಾನೆ. ಅತಿಯಾಗಿ ಹಿಂದಿದ್ದರೆ ಒರಗಲು ಹೋಗಿ ತೋಳು ಚಾಚಬೇಕಾಗುತ್ತದೆ. ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಲು ಬರುವ, ಓರೆಯನ್ನೂ ಬದಲಿಸಬಹುದಾದ ಒರಗನ್ನೇ ಆರಿಸುವುದು ಜಾಣತನ. ಬೆಲೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ಮೂರನೆಯದು ಉಳಿದ ಜಾಗ. ಒರಗನ್ನು ಇಡುವೆಡೆಯಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಹಿಂದೆ ಕೂರುವವರನ್ನು ನಿಜವಾಗಿಯೂ ಕೂರಿಸಿ ನೋಡಬೇಕು. ಈ ಅಳತೆಯನ್ನು ಬಹುಮಂದಿ ತೆಗೆಯುವುದೇ ಇಲ್ಲ. ಮೈಸೂರಿನ ಮನೆಯಲ್ಲಿ ಗೆರೆ ಎಳೆದ ಮೇಲೆಯೇ, ತಾನು ಹುಣಸೂರಿನವರೆಗೆ ಸೀಟಿನ ಅಂಚಿನ ಮೇಲೆ ಕುಳಿತಿದ್ದೆನೆಂಬುದನ್ನು ಶ್ರೀಮತಿಯವರು ಯಜಮಾನರಿಗೆ ತೋರಿಸಿದ್ದು.

"ಆಗಲೇ ಹೇಳಬಾರದಾಗಿತ್ತೆ?" ಎಂದು ಅವರು ಕೇಳಿದರು.

"ಹೇಳಿದ್ದರೆ ನೀವು ಆ ಒರಗನ್ನು ಅಲ್ಲೇ ಕಿತ್ತು ಹಾಕುತ್ತಿದ್ದಿರಿ. ಆಮೇಲೆ ನಿಮ್ಮ ಸೊಂಟದ ಗತಿ?" ಎಂದು ಆಕೆ ಉತ್ತರಿಸಿದರು.

ಹಿಂದೆ ಕೂರುವವರ ಹಕ್ಕು

ಹಿಂದೆ ಕೂರುವವರ ಕ್ಷೇಮವನ್ನು ಕಾನೂನೂ ಗಮನಿಸಿದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 123ನೆಯ ನಿಯಮದಂತೆ ಪ್ರತಿಯೊಂದು ಮೋಟಾರ್ ಸೈಕಲ್ಲಿನಲ್ಲಿಯೂ ಸವಾರನ ಸೀಟಿನ ಪಕ್ಕದಲ್ಲಿ ಇಲ್ಲವೆ ಹಿಂದೆ ಶಾಶ್ವತವಾದ ಕೈಹಿಡಿ ಇರಬೇಕು, ಪಾದ ಇಡಲು ಆಧಾರವಿರಬೇಕು, ಉಡುಪು ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಭಾಗಕ್ಕಾದರೂ ಮರೆಯಿರಬೇಕು. ಒರಗನ್ನು ಕೂರಿಸಲು ಕೈಹಿಡಿಯನ್ನೋ ಸೀರೆಯ ಮರೆಯನ್ನೋ ಬಿಚ್ಚಿಹಾಕುವುದು ಅಪಾಯಕ್ಕೆ ದಾರಿ. ವಾಹನದ ಚೌಕಟ್ಟನ್ನು ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಕೂಡದು. ಇರುವ ಬೋಲ್ಟುಗಳ ಸ್ಥಾನದಲ್ಲಿಯೇ ಕೂರುವ ಒರಗನ್ನು ಹುಡುಕಬೇಕು.

ಬ್ರೇಕು ಹಾಕಿದಾಗ ಹಿಂದೆ ಕುಳಿತವರ ದೇಹ ಮುಂದಕ್ಕೆ ಜಾರಿ ಒರಗಿನ ಬೆನ್ನಿಗೆ ಒತ್ತುತ್ತದೆ. ಘಟ್ಟದ ಇಳಿಜಾರಿನಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಆದುದರಿಂದ ಒರಗಿನ ಹಿಂಬದಿಯೂ ಮೆತ್ತಗಿರಬೇಕು. ಬರಿಯ ತಗಡು, ಹೊರಚಾಚಿದ ನಟ್ಟು ಬೋಲ್ಟುಗಳು ಇರಬಾರದು. ಅದರ ಕಂಬವು ಒಬ್ಬರ ಬೆನ್ನಿನ ಭಾರವನ್ನು ಮಾತ್ರವಲ್ಲ, ಇನ್ನೊಬ್ಬರ ದೇಹದ ನೂಕನ್ನೂ ತಾಳುವಷ್ಟು ಗಟ್ಟಿಯಾಗಿರಬೇಕು. ಸೀಟಿನ ಪ್ಲಾಸ್ಟಿಕ್ ತಳಕ್ಕೆ ಮಾತ್ರ ತಿರುಪು ಹಾಕಿ ನಿಲ್ಲಿಸುವ ಒರಗುಗಳು ಇದಕ್ಕೆ ಸಾಲವು. ಚೌಕಟ್ಟಿಗೆ ಬಿಗಿಯುವ ಉಕ್ಕಿನ ಕಂಬವೇ ನಂಬಿಕೆಗೆ ಅರ್ಹ.

ಒಂದೇ ಪಕ್ಕಕ್ಕೆ ಕಾಲಿಟ್ಟು ಕೂರುವವರಿಗೆ ಮುಂದಿನ ಒರಗಿನ ಅಂಚು ಪಕ್ಕೆಗೆ ಚುಚ್ಚುವ ಸಂಭವವುಂಟು. ದೂರದ ಪ್ರಯಾಣದಲ್ಲಿ ಅನುಕೂಲವಾದ ಉಡುಪು ಧರಿಸಿ, ಇಬ್ಬದಿಗೂ ಕಾಲಿಟ್ಟು ಕೂರುವುದೇ ಕ್ಷೇಮ. ಹಿಂದೆ ಕೂರುವವರಿಗೂ ಪ್ರತ್ಯೇಕವಾದ ಒರಗನ್ನು ಸೀಟಿನ ಕೊನೆಯಲ್ಲಿ ಕೂರಿಸಬಹುದು. ಎರಡಕ್ಕೂ ಸ್ಥಳವಿಲ್ಲದಿದ್ದರೆ ಇನ್ನೊಂದು ಉಪಾಯವುಂಟು. ಸವಾರನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಇರುವ ಮೆಟ್ಟಿಲನ್ನು ಸೀಟಿನ ಕೆಲಸ ಬಲ್ಲವರಿಂದ ತುಸು ಎತ್ತರಿಸಿ ಗಟ್ಟಿಮಾಡಿಸಿದರೆ, ಅದೇ ಸೊಂಟದ ಬುಡಕ್ಕೆ ಆಸರೆಯಾಗುತ್ತದೆ. ಒಬ್ಬರೇ ಹೋಗುವಾಗ ಮಾತ್ರ ಒರಗನ್ನು ಸಿಕ್ಕಿಸಿಕೊಳ್ಳಬಹುದು. ಸ್ಪ್ಯಾನರಿನ ಹಂಗಿಲ್ಲದೆ ತೆಗೆದಿಡಲು ಬರುವ ಮಾದರಿಗಳ ಅನುಕೂಲವೇ ಅದು.

ದಿಂಬು, ಹೊದಿಕೆ, ಕೀಲು

ಅಂಗಡಿಯಲ್ಲಿ ಹಿತವೆನಿಸುವ ಮೆತ್ತನೆಯ ದಿಂಬು ಗಂಟೆಯೊಳಗೆ ಕುಸಿಯುತ್ತದೆ. ಹೆಬ್ಬೆರಳಿನಿಂದ ಬಲವಾಗಿ ಅದುಮಿದಾಗ ತಳದ ತಗಡು ತಾಗಿದರೆ ಅಂಥದು ಬೇಡ. ಬಿಗಿಯಾದ ಫೋಮ್ ಮೊದಲಿಗೆ ಒರಟೆನಿಸಿದರೂ ಸಂಜೆಯವರೆಗೆ ಕೆಲಸ ಮಾಡುತ್ತದೆ. ಅಗಲ ಸೊಂಟದಷ್ಟಿದ್ದರೆ ಸಾಕು. ಹೆಚ್ಚಾದರೆ ಮೊಣಕೈಗೆ ತಗಲುತ್ತದೆ. ಹೊದಿಕೆಗೆ ಒಳ್ಳೆಯ ರೆಕ್ಸಿನ್ ಆಗಬಹುದು. ಆದರೆ ಹೊಲಿಗೆ ಮೇಲ್ಭಾಗದಲ್ಲಿದ್ದರೆ ಮಲೆನಾಡಿನ, ಕರಾವಳಿಯ ಮಳೆಯಲ್ಲಿ ನೀರು ಒಳಗಿಳಿದು ಫೋಮ್ ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ನುಣುಪಾದ ಕಪ್ಪು ಹೊದಿಕೆ ಬಿಸಿಲಿನಲ್ಲಿ ಕಾಯುವುದನ್ನೂ ನೆನಪಿಡಬೇಕು.

ಮಧ್ಯವಯಸ್ಸು ದಾಟಿದವರು ಮುಂದಕ್ಕೆ ಮಡಿಚುವ ಕೀಲಿರುವ ಒರಗನ್ನೇ ಆರಿಸಬೇಕು. ನೆಟ್ಟಗೆ ನಿಂತ ಒರಗಿನ ಮೇಲೆ ಕಾಲೆತ್ತಿ ಹಾಯಿಸುವುದು ಅವರಿಗೆ ಸುಲಭವಲ್ಲ. ಕಾಲು ಸಿಕ್ಕಿಕೊಂಡರೆ ವಾಹನವೇ ಮಗುಚಬಹುದು. ಹತ್ತುವ ಇಳಿಯುವ ಅಭ್ಯಾಸವನ್ನು ಮನೆಯ ಅಂಗಳದಲ್ಲಿಯೇ ಹತ್ತಾರು ಬಾರಿ ಮಾಡಿಕೊಳ್ಳತಕ್ಕದ್ದು.

ಒರಗು ಹಾಸಿಗೆಯಲ್ಲ

ಹೊಸ ಒರಗಿನೊಡನೆ ಮೊದಲು ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಹೋಗಿಬಂದು ಬೋಲ್ಟುಗಳನ್ನು ಮತ್ತೆ ಬಿಗಿಮಾಡಬೇಕು. ಅನಂತರ ನೂರು ಕಿಲೋಮೀಟರ್. ಆಮೇಲೆಯೇ ದೂರದ ಊರು. ಒರಗು ಬಂದ ಮಾತ್ರಕ್ಕೆ ವಿಶ್ರಾಂತಿಯನ್ನು ಕೈಬಿಡಬಾರದು. ಗಂಟೆಗೊಮ್ಮೆಯಾದರೂ ಇಳಿದು ಹತ್ತು ನಿಮಿಷ ನಡೆದಾಡಬೇಕು. ನೋವಿಲ್ಲದ ಬೆನ್ನು ದಣಿವನ್ನು ಮರೆಮಾಡುತ್ತದೆ. ಹಾಗಾಗಿ ಊಟದ ನಂತರದ ತೂಕಡಿಕೆಯ ಹೊತ್ತಿನಲ್ಲಿ ಒರಗಿರುವ ಸವಾರನಿಗೆ ಹೆಚ್ಚಿನ ಎಚ್ಚರ ಬೇಕು.

ಕೆಟ್ಟ ರಸ್ತೆಯಲ್ಲಿ ಬೆನ್ನನ್ನು ಒರಗಿಗೆ ಒತ್ತಿಕೊಂಡಿದ್ದರೆ ವಾಹನದ ಕುಲುಕು ನೇರವಾಗಿ ಬೆನ್ನಿಗೆ ತಲುಪುತ್ತದೆ. ಅಲ್ಲಿ ತುಸು ಮುಂದೆ ಸರಿದು ಕೂರುವುದು ಒಳ್ಳೆಯದು. ಘಟ್ಟ ಇಳಿಯುವಾಗ ದೇಹದ ಭಾರ ಮುಂದಕ್ಕೆ ಬರುವುದರಿಂದ ಒರಗು ಉಪಯೋಗಕ್ಕೆ ಬಾರದು. ತೊಡೆಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿಯುವುದೇ ಅಲ್ಲಿನ ಆಸರೆ. ಒರಗಿನ ನಿಜವಾದ ಕೆಲಸ ಇರುವುದು ಸಮತಟ್ಟಾದ ಹೆದ್ದಾರಿಯಲ್ಲಿ, ಒಂದೇ ವೇಗದಲ್ಲಿ ಸಾಗುವ ದೀರ್ಘವಾದ ಗಂಟೆಗಳಲ್ಲಿ.

ಮೈಸೂರಿನ ದಂಪತಿಗಳು ಭುಜದೆತ್ತರದ ದಿಂಬನ್ನು ಅಂಗಡಿಗೆ ಹಿಂದಿರುಗಿಸಿದರು. ಅದರ ಬದಲಿಗೆ ಸೊಂಟದ ಬಾಗಿಗೆ ಸರಿಯಾಗಿ ಕೂರುವ, ಮಡಿಚಲು ಬರುವ ಕಿರಿದಾದ ಒರಗೊಂದನ್ನು ಚೌಕಟ್ಟಿನ ಬೋಲ್ಟುಗಳಿಗೆ ಬಿಗಿಸಿದರು. ಸೀಟಿನ ಕೊನೆಯಲ್ಲಿ ಶ್ರೀಮತಿಯವರಿಗೂ ಒಂದು ಒರಗು ಬಂತು. ಹ್ಯಾಂಡಲನ್ನು ತುಸು ಹಿಂದಕ್ಕೆ ತಿರುಗಿಸಿಕೊಂಡದ್ದಕ್ಕೆ ಖರ್ಚೇ ಆಗಲಿಲ್ಲ. ಎರಡು ತಿಂಗಳು ಬೆಳಗಿನ ನಡಿಗೆ, ವ್ಯಾಯಾಮಗಳನ್ನು ತಪ್ಪದೆ ಮಾಡಿದ ಮೇಲೆ ಮೂರನೆಯ ಬಾರಿ ಹೊರಟರು.

ಹುಣಸೂರಿನಲ್ಲಿ ಒಮ್ಮೆ ಇಳಿದರು, ಕುಶಾಲನಗರದಲ್ಲಿ ಕಾಫಿ ಕುಡಿದರು, ಮಡಿಕೇರಿಯಲ್ಲಿ ಊಟ ಮಾಡಿ ಒಂದು ಗಂಟೆ ಮಲಗಿದರು, ಸಂಪಾಜೆಯಲ್ಲಿ ಮತ್ತೆ ನಿಂತರು, ಸುಳ್ಯದಲ್ಲಿ ಎಳನೀರು ಕುಡಿದರು. 1993ರಲ್ಲಿ ಐದು ಗಂಟೆಯಲ್ಲಿ ಮುಗಿದಿದ್ದ ದಾರಿಗೆ ಈ ಸಲ ಹತ್ತು ಗಂಟೆ ಹಿಡಿಯಿತು. ಪುತ್ತೂರಿನ ಮನೆಯ ಅಂಗಳದಲ್ಲಿ ವಾಹನ ನಿಂತಾಗ ದೀಪ ಹಚ್ಚುವ ಹೊತ್ತು. ಯಜಮಾನರು ಒರಗನ್ನು ಮಡಿಚಿ, ಕಾಲೆತ್ತಿ, ನೆಟ್ಟಗೆ ಇಳಿದು ನಿಂತರು.

"ಇಷ್ಟು ಹೊತ್ತು ಏಕಾಯಿತು? ದಾರಿಯಲ್ಲಿ ಗಾಡಿ ಕೆಟ್ಟಿತೇ?" ಎಂದು ಬಾಗಿಲಿನಲ್ಲಿ ಕಾದಿದ್ದ ಅಣ್ಣ ಕೇಳಿದರು.

ಶ್ರೀಮತಿಯವರು ಹೆಲ್ಮೆಟ್ಟನ್ನು ತೆಗೆಯುತ್ತ ಹೇಳಿದರು: "ಇಲ್ಲಣ್ಣ. ಹೋದ ಸಲ ದಾರಿಯನ್ನು ಸರಿಯಾಗಿ ನೋಡಿರಲಿಲ್ಲ."